2 ಮತ್ತು 3ನೇ ಸಿಲಿಂಡರ್ ಮಾತ್ರ ಯಾಕೆ ಸಾಯ್ತಿತ್ತು: ಒಂದು ಫಾರ್ಮಾಲ್ ಎಚ್ ಮ್ಯಾಗ್ನೆಟೋ ಪ್ರಕರಣ

ಗಾಡಿ ಸ್ಟಾರ್ಟ್ ಆಗ್ತಿತ್ತು, ದೊಡ್ಡ ತಲೆನೋವಾಗಿದ್ದೇ ಅದು. ಪೂರ್ತಿ ಕೆಟ್ಟು ನಿಂತಿದ್ರೆ ಒಂದೇ ದಿನದಲ್ಲಿ ಎಲ್ಲಿ ಕೆಟ್ಟಿದೆ ಅಂತ ಹಿಡೀಬಹುದಿತ್ತು, ಆದ್ರೆ ಈ ಟ್ರ್ಯಾಕ್ಟರ್ ಬೆಳಿಗ್ಗೆ ಎರಡು ಸಲ ಹ್ಯಾಂಡಲ್ ಎಳೆದ್ರೆ ಸಾಕು ಬಡ್ ಬಡ್ ಅಂತ ಶುರುವಾಗೋದು, ಖಾಲಿ ಓಡಿಸಿದ್ರೆ ಸುಮಾರಾಗಿ ಓಡೋದು, ಹಿಂದೆ ಹುಲ್ಲಿನ ಗಾಡಿ ಕಟ್ಟಿ ದಿಬ್ಬ ಹತ್ತಿಸೋಕೆ ಹೋದ್ರೆ ಮಾತ್ರ ಉಸಿರು ಕಟ್ಟಿದ ಹಾಗೆ ಮಿಸ್ ಹೊಡಿಯೋಕೆ ಶುರು ಮಾಡೋದು. ಇದು ನನ್ನ ಪಕ್ಕದ ಜಮೀನಿನವರ ಟ್ರ್ಯಾಕ್ಟರ್. ನಾನಿರೋದು ಅಮೆರಿಕದ ಅಯೋವಾ ರಾಜ್ಯದ ಪೂರ್ವದ ಅಂಚಲ್ಲಿ, ಡ್ಯಾವನ್‌ಪೋರ್ಟ್ ಊರಿಂದ ಅರ್ಧ ಗಂಟೆ ದೂರದ ಹಳ್ಳಿಗಾಡಲ್ಲಿ. ಪಕ್ಕದವರಿಗೆ ಎಂಬತ್ತು ದಾಟಿದೆ, ಈಗ್ಲೂ ಸ್ವಲ್ಪ ಆಲ್ಫಾಲ್ಫಾ ಹುಲ್ಲು ಬೆಳೀತಾರೆ, ಆ ಹುಲ್ಲನ್ನ ಕೆಳಗಿನ ಹೊಲದಿಂದ ಮೇಲಿನ ಕೊಟ್ಟಿಗೆಗೆ ತರೋದು ಇದೇ ಫಾರ್ಮಾಲ್ ಎಚ್. ಸೀರಿಯಲ್ ನಂಬರ್ ಪ್ಲೇಟ್ ಪ್ರಕಾರ 1944ರ ಗಾಡಿ. ಶೋಗೆ ಅಂತ ಬಣ್ಣ ಬಳಿದು ಇಟ್ಟಿದ್ದಲ್ಲ, ದುಡಿಯೋ ಗಾಡಿ, ಹಾಗಾಗಿ ಹುಲ್ಲು ಕೊಯ್ಯೋ ವಾರದಲ್ಲಿ ಅದು ಕೈ ಕೊಟ್ರೆ ಅವರಿಗೆ ನಿಜವಾಗ್ಲೂ ಕಷ್ಟ.

ಗಾಡಿ ಬಗ್ಗೆ ಸ್ವಲ್ಪ ಹೇಳ್ಬಿಡ್ತೀನಿ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1939ರಲ್ಲಿ ಎಚ್ ಮಾಡೆಲ್ ತಂತು, 1950ರ ದಶಕದ ಶುರುವರೆಗೂ ಮೂರು ಲಕ್ಷದ ತೊಂಬತ್ತು ಸಾವಿರ ಚಿಲ್ಲರೆ ಗಾಡಿ ಮಾಡಿದ್ರು. ಮಾಡಿದ್ದು ಇಲ್ಲೇ, ಮಿಸಿಸಿಪ್ಪಿ ಹೊಳೆಯ ಆಚೆ ದಡದ ರಾಕ್ ಐಲೆಂಡ್ ಊರಿನ ಫಾರ್ಮಾಲ್ ವರ್ಕ್ಸ್‌ನಲ್ಲಿ, ಅಂದ್ರೆ ಈ ಟ್ರ್ಯಾಕ್ಟರ್ ಹುಟ್ಟಿದ ಜಾಗ ಈಗ ಅದು ನಿಂತಿರೋ ಕೊಟ್ಟಿಗೆಯಿಂದ ಒಂದು ಗಂಟೆ ದಾರಿನೂ ಇಲ್ಲ. ನಾಲ್ಕು ಸಿಲಿಂಡರ್, 152 ಕ್ಯೂಬಿಕ್ ಇಂಚಿನ ಪೆಟ್ರೋಲ್ ಇಂಜಿನ್, ಸ್ಪೀಡ್ ಹಿಡಿತದಲ್ಲಿಡೋ ಗವರ್ನರ್ ಕಟ್ಟಿರೋದು 1650 ಆರ್‌ಪಿಎಂಗೆ. ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರ್‌ಗಳಿಗೆ ಸ್ಪಾರ್ಕ್ ಬೀಳೋ ಸರದಿ, 1-3-4-2. ಈ ಫೈರಿಂಗ್ ಆರ್ಡರ್ ನೆನಪಲ್ಲಿ ಇಟ್ಕೊಳ್ಳಿ, ಕಥೆ ಪೂರ್ತಿ ನಿಂತಿರೋದು ಅದರ ಮೇಲೆ. ಬ್ಯಾಟರಿ, ಸೆಲ್ಫ್ ಸ್ಟಾರ್ಟರ್ ಎಲ್ಲ ಆಗ ಬೇಕಂದವರಿಗೆ ಎಕ್ಸ್‌ಟ್ರಾ, ಈ ಗಾಡಿಗೆ ಅದ್ಯಾವ್ದೂ ಇಲ್ಲ. ಮುಂದೆ ಹ್ಯಾಂಡಲ್, ಪಕ್ಕದಲ್ಲಿ ಎಚ್-4 ಅನ್ನೋ ಮ್ಯಾಗ್ನೆಟೋ, ಅಷ್ಟೇ.

ಮ್ಯಾಗ್ನೆಟೋ ನೋಡಿಲ್ಲದವರಿಗೆ ಹೇಳ್ಬೇಕಂದ್ರೆ, ಅದು ಬ್ಯಾಟರಿ ಹಂಗಿಲ್ಲದೆ ತಾನೇ ಕರೆಂಟ್ ಹುಟ್ಟಿಸಿ ತಾನೇ ಸ್ಪಾರ್ಕ್ ಕೊಡೋ ಡಬ್ಬಿ. ಒಳಗೆ ಆಲ್ನಿಕೋ ಅಯಸ್ಕಾಂತದ ರೋಟರ್ ತಿರುಗುತ್ತೆ, ಸುತ್ತ ಕಬ್ಬಿಣದ ಪೋಲ್, ಮೇಲೆ ಕಾಯಿಲ್. ಕಾಯಿಲ್‌ನ ದಪ್ಪ ಸುತ್ತಿನಲ್ಲಿ ಕರೆಂಟ್ ಹರೀತಾ ಇರುವಾಗ ಪಾಯಿಂಟ್ ಅನ್ನೋ ಸಣ್ಣ ಸ್ವಿಚ್ ತಟ್ ಅಂತ ಬಿಡಿಸ್ಕೊಳ್ಳುತ್ತೆ, ಆ ಕ್ಷಣದಲ್ಲಿ ಸಣ್ಣ ತಂತಿ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಏಳುತ್ತೆ, ಡಿಸ್ಟ್ರಿಬ್ಯೂಟರ್ ಅದನ್ನ ಸರದಿ ಪ್ರಕಾರ ನಾಲ್ಕು ಪ್ಲಗ್ಗಿಗೆ ಹಂಚುತ್ತೆ. ನಮ್ಮ ಮಲೆನಾಡಲ್ಲಿ ಮಳೆಗಾಲ ಶುರುವಾಗ್ತಿದ್ದ ಹಾಗೆ ಅಡಿಕೆಗೆ ಬೋರ್ಡೋ ಹೊಡೆಯೋ ಸಣ್ಣ ಇಂಜಿನ್ ಇರ್ತಿತ್ತಲ್ಲ, ಅದರ ಫ್ಲೈವೀಲ್ ಒಳಗೂ ಇದೇ ಕಥೆ. ಚಿಕ್ಕವನಿದ್ದಾಗ ಆ ಇಂಜಿನ್ನಿನ ಸಿಬಿ ಪಾಯಿಂಟ್ ಮಧ್ಯೆ ಮದುವೆ ಕಾಗದ ತೂರಿಸಿ ಒರೆಸೋದನ್ನ ನೋಡಿ ನೋಡಿ ನಂಗೆ ಈ ಹುಚ್ಚು ಹತ್ತಿದ್ದು. ಸಿಬಿ ಪಾಯಿಂಟ್ ಅನ್ನೋ ಮಾತು ಇಲ್ಲಿ ಯಾರಿಗೂ ಅರ್ಥ ಆಗಲ್ಲ, ಬರೀ ಪಾಯಿಂಟ್ಸ್ ಅಂತಾರೆ, ಆದ್ರೆ ನನ್ನ ಬಾಯಲ್ಲಿ ಮೊದಲು ಬರೋದು ಇವತ್ತಿಗೂ ಸಿಬಿ ಪಾಯಿಂಟೇ.

ಸರಿ, ವಿಷಯಕ್ಕೆ ಬರ್ತೀನಿ. ಅವರು ನನ್ನ ಕರೆಯೋ ಹೊತ್ತಿಗೆ ಆಗಲೇ ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿಸಿ, ಫ್ಲೋಟ್ ಹೊಸದು ಹಾಕಿ, ಪೆಟ್ರೋಲ್ ಟ್ಯಾಂಕ್ ಕೆಳಗಿನ ಗಾಜಿನ ಬಟ್ಟಲೂ ತೊಳೆದಿದ್ರು. ಮಿಸ್ ಹೊಡೀತು ಅಂದ್ರೆ ಎಲ್ಲರೂ ಮೊದಲು ಹೋಗೋದು ಕಾರ್ಬುರೇಟರ್ ಕಡೆಗೇ. ನಾನು ಹೋಗಿ ಮೊದಲು ಮಾಡಿದ್ದು, ದಿಬ್ಬದ ಮೇಲೆ ಲೋಡಲ್ಲಿ ಓಡಿಸಿ, ಮಿಸ್ ಹೊಡೀತಿರುವಾಗ್ಲೇ ಸ್ವಿಚ್ ಆಫ್ ಮಾಡಿ, ಅಲ್ಲೇ ನಾಲ್ಕೂ ಪ್ಲಗ್ ಬಿಚ್ಚಿದ್ದು. ಖಾಲಿ ಓಡಿಸಿ ತಂದು ಕೊಟ್ಟಿಗೆಯಲ್ಲಿ ಬಿಚ್ಚಿದ್ರೆ ಪ್ಲಗ್ ಸುಳ್ಳು ಹೇಳುತ್ತೆ, ಹಾಗಾಗಿ ಸುಟ್ಟುಕೊಳ್ಳೋ ಭಯ ಇದ್ರೂ ಬಿಸಿ ಇರುವಾಗ್ಲೇ ಗ್ಲೌಸ್ ಹಾಕ್ಕೊಂಡು ತೆಗೆದೆ. ನಾಲ್ಕನ್ನೂ ಮಡ್‌ಗಾರ್ಡ್ ಮೇಲೆ ಸಾಲಾಗಿ ಇಟ್ಟು ನೋಡಿದ್ರೆ, ಒಂದು ಮತ್ತು ನಾಲ್ಕನೇದು ಒಳ್ಳೇ ಬಿಸ್ಕತ್ ಬಣ್ಣ, ಎರಡು ಮೂರು ಮಾತ್ರ ಕಾಡಿಗೆ ಹಚ್ಚಿದ ಹಾಗೆ ಕಪ್ಪು, ಬೆರಳಲ್ಲಿ ಮುಟ್ಟಿದ್ರೆ ಮಸಿ ಅಂಟ್ತಿತ್ತು, ಮೂರನೇದರ ಮೇಲೆ ಪೆಟ್ರೋಲ್ ಹಸಿನೂ ಇತ್ತು.

ಎರಡು ಮೂರು ಅಕ್ಕಪಕ್ಕದ ಸಿಲಿಂಡರ್. ಎರಡೂ ಒಟ್ಟಿಗೆ ಹೋದ್ರೆ ಯಾವ ಮೆಕ್ಯಾನಿಕ್ ಆದ್ರೂ ಹೇಳೋದು ಒಂದೇ ಮಾತು, ಮಧ್ಯೆ ಹೆಡ್ ಗ್ಯಾಸ್ಕೆಟ್ ಹೊಡೆದಿದೆ ಅಂತ. ನಂಗೂ ಹಾಗೇ ಅನ್ನಿಸ್ತು. ಪುಣ್ಯಕ್ಕೆ ಹೆಡ್ ಬಿಚ್ಚೋಕೆ ಮುಂಚೆ ಕಂಪ್ರೆಷನ್ ಗೇಜ್ ಹಾಕಿದೆ, 105, 102, 104, 103 ಪಿಎಸ್‌ಐ ಬಂತು. ಗ್ಯಾಸ್ಕೆಟ್ ಹೊಡೆದಿದ್ರೆ ಎರಡು ಮೂರರಲ್ಲಿ ಅರ್ಧಕ್ಕೆ ಇಳೀಬೇಕಿತ್ತು. ವಾಲ್ವೂ ಸರಿ ಇದೆ ಅಂತ ಅದರಲ್ಲೇ ಗೊತ್ತಾಯ್ತು. ಆಮೇಲೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಲ್ಲಿ ಗಾಳಿ ಎಳೀತಿದ್ಯಾ ಅಂತ, ಇಂಜಿನ್ ಐಡಲ್‌ನಲ್ಲಿ ಇರುವಾಗ ಹತ್ತಿಸದೇ ಇರೋ ಪ್ರೊಪೇನ್ ಪೈಪ್ ಹಿಡಿದು ಜಾಯಿಂಟ್ ಉದ್ದಕ್ಕೂ ಓಡಿಸಿ ನೋಡಿದೆ, ಇಂಜಿನ್ ಸದ್ದು ಒಂಚೂರೂ ಬದಲಾಗ್ಲಿಲ್ಲ.

ಹಾಗಾದ್ರೆ ಸ್ಪಾರ್ಕ್ ಕಡೆ. ಪ್ಲಗ್ ಅದಲು ಬದಲು ಮಾಡಿದೆ, ಒಂದರದ್ದು ಎರಡಕ್ಕೆ, ನಾಲ್ಕರದ್ದು ಮೂರಕ್ಕೆ. ಮತ್ತೆ ಎರಡು ಮೂರೇ ಕಪ್ಪು. ವೈರ್ ಬದಲಾಯಿಸಿದೆ, ಮ್ಯಾಗ್ನೆಟೋಗೆ ಒಳಗೆ ತಾಮ್ರದ ತಂತಿ ಇರೋ ವೈರೇ ಒಳ್ಳೇದು, ಈಗಿನ ಕಾರಿನ ಕಾರ್ಬನ್ ವೈರ್ ಹಾಕ್ಬೇಡಿ. ಮತ್ತೆ ಎರಡು ಮೂರೇ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಕೂದಲೆಳೆ ಥರ ಬಿರುಕು ಬಿಟ್ಟು ಒಂದರ ಸ್ಪಾರ್ಕ್ ಇನ್ನೊಂದಕ್ಕೆ ಜಿಗಿಯೋದುಂಟು, ಅದಕ್ಕೆ ಕ್ಯಾಪ್ ತೊಳೆದು ಒಣಗಿಸಿ ಟಾರ್ಚ್ ಹಾಕಿ ನೋಡಿದೆ, ಇರ್ಲಿ ಅಂತ ಹೊಸ ಕ್ಯಾಪೂ ಹಾಕಿದೆ. ಮತ್ತೆ ಎರಡು ಮೂರೇ. ಅಷ್ಟೂ ಹೊತ್ತು, ಯಾವ ವೈರ್ ತೆಗೆದು ಇಂಜಿನ್ ಬ್ಲಾಕ್‌ಗೆ ಹಿಡಿದ್ರೂ ಚಟ್ ಚಟ್ ಅಂತ ಕಾಲಿಂಚು ಜಿಗಿಯೋ ಸ್ಪಾರ್ಕ್ ಬರ್ತಾನೇ ಇತ್ತು, ಎರಡು ಮೂರರಲ್ಲೂ! ಹೊರಗೆ ಗಾಳಿಯಲ್ಲಿ ಸ್ಪಾರ್ಕ್ ಕಾಣೋದೇ ಬೇರೆ, ಸಿಲಿಂಡರ್ ಒಳಗೆ ಒತ್ತಡದಲ್ಲಿ ಹಾರೋದೇ ಬೇರೆ. ಥ್ರಾಟಲ್ ಬಿಚ್ಚಿ ಲೋಡ್ ಎಳೀತಿರುವಾಗ ಒಳಗೆ ಗಾಳಿ ಪೆಟ್ರೋಲ್ ಜಾಸ್ತಿ ತುಂಬಿ ಒತ್ತಡ ಏರುತ್ತೆ, ಅದೇ ಪ್ಲಗ್ ಗ್ಯಾಪ್ ದಾಟೋಕೆ ಎಷ್ಟೋ ಜಾಸ್ತಿ ವೋಲ್ಟ್ ಬೇಕು. ಸೊರಗಿದ ಸ್ಪಾರ್ಕ್ ಕೈ ಕೊಡೋದು ಅಲ್ಲೇ. ದಿಬ್ಬದಲ್ಲಿ ಮಾತ್ರ ಮಿಸ್ ಯಾಕೆ ಅನ್ನೋದಕ್ಕೆ ಇದು ಉತ್ತರ, ಆದ್ರೆ ಎರಡು ಮೂರು ಮಾತ್ರ ಯಾಕೆ ಅನ್ನೋದಕ್ಕೆ ಅಲ್ಲ.

ಇಲ್ಲಿ ನಾನು ಎರಡು ವಾರ ಸಿಕ್ಕಿ ಹಾಕ್ಕೊಂಡೆ. ಪಾಯಿಂಟ್ ಮಧ್ಯೆ ಕಿಡಿ ಹಾರದ ಹಾಗೆ ತಡೆಯೋ ಕಂಡೆನ್ಸರನ್ನ ಮೀಟರಿಗೆ ಹಾಕಿದೆ, 0.21 ಮೈಕ್ರೋಫ್ಯಾರಡ್, ಲೀಕೂ ಇಲ್ಲ. ಕಾಯಿಲ್ ಬಿಸಿಯಾದ್ಮೇಲೆ ಕೆಡೋದು ಈ ಹಳೇ ಮ್ಯಾಗ್ನೆಟೋಗಳಲ್ಲಿ ಮಾಮೂಲಿ ಕಾಯಿಲೆ, ಅರ್ಧ ಗಂಟೆ ಓಡಿ ನಿಂತುಬಿಡುತ್ತೆ, ತಣ್ಣಗಾದ್ರೆ ಮತ್ತೆ ಸ್ಟಾರ್ಟ್ ಆಗುತ್ತೆ. ಅದಕ್ಕೆ ಹೇರ್ ಡ್ರೈಯರ್‌ನಲ್ಲಿ ಕಾಯಿಲ್ ಬಿಸಿ ಮಾಡಿ ಓಮ್ ಅಳೆದೆ, ರೀಡಿಂಗ್ ಅಲ್ಲಾಡ್ಲಿಲ್ಲ. ಮತ್ತೆ ಯೋಚ್ನೆ ಮಾಡಿ ನೋಡಿದ್ರೆ ಕಾಯಿಲ್ಲೂ ಕಂಡೆನ್ಸರೂ ನಾಲ್ಕೂ ಸಿಲಿಂಡರ್‌ಗೆ ಒಂದೇ, ಅವು ಕೆಟ್ಟಿದ್ರೆ ನಾಲ್ಕಕ್ಕೂ ಕೆಡ್ಬೇಕು, ಎರಡನ್ನೇ ಆರಿಸ್ಕೊಂಡು ಕೆಡಿಸೋದು ಹೇಗೆ? ಪಾಯಿಂಟೂ ಅಷ್ಟೇ, ಒಂದೇ ಜೊತೆ. ಪಾಯಿಂಟ್ ಗ್ಯಾಪ್ ಅಂತೂ ಮೂರು ಸಲ ಸೆಟ್ ಮಾಡಿದ್ದೆ, ಎಚ್-4ಗೆ 13 ಥೌ, ಅಂದ್ರೆ 0.013 ಇಂಚು. ಮೂರು ಸಲವೂ ಸಂದಿಗೆ ತೂರಿಸಿ ಅಳೆಯೋ ತೆಳು ಪಟ್ಟಿ, ಅಂದ್ರೆ ಫೀಲರ್ ಗೇಜ್, ಸರಿಯಾಗಿ ಉಜ್ಜಿಕೊಂಡು ಹೋಗಿತ್ತು.

ತಪ್ಪು ಆಗ್ತಿದ್ದಿದ್ದೇ ಆ ಮೂರು ಸಲದಲ್ಲಿ.

ಗೊತ್ತಾಗಿದ್ದು ಹ್ಯಾಂಡಲ್ ತಿರುಗಿಸ್ತಾ ಇರುವಾಗ. ಎಚ್-4 ಮುಂದೆ ಇಂಪಲ್ಸ್ ಕಪ್ಲಿಂಗ್ ಅಂತ ಒಂದಿದೆ. ಕೈಯಲ್ಲಿ ತಿರುಗಿಸೋ ನಿಧಾನ ಸ್ಪೀಡಿಗೆ ಮ್ಯಾಗ್ನೆಟೋ ಸ್ಪಾರ್ಕ್ ಕೊಡೋಕಾಗಲ್ಲ, ಅದಕ್ಕೆ ಒಂದು ಸಣ್ಣ ಕೊಕ್ಕೆ ರೋಟರನ್ನ ಹಿಡಿದು ನಿಲ್ಲಿಸುತ್ತೆ, ಒಳಗೆ ಸ್ಪ್ರಿಂಗ್ ಸುತ್ತಿಕೊಳ್ಳುತ್ತೆ, ಪಿಸ್ಟನ್ ಮೇಲೆ ಬರ್ತಿದ್ದ ಹಾಗೆ ಕೊಕ್ಕೆ ಬಿಟ್ಟು ರೋಟರ್ ಟಕ್ ಅಂತ ಜಿಗಿಯುತ್ತೆ. ಇಂಜಿನ್ ಶುರುವಾದ್ಮೇಲೆ ತಿರುಗೋ ವೇಗಕ್ಕೆ ಕೊಕ್ಕೆ ಹೊರಗೆ ಸರಿದು ಹಾಗೇ ಇರುತ್ತೆ, ಸ್ಪಾರ್ಕೂ ತಾನಾಗೇ ಮುಂಚೆ ಬರುತ್ತೆ. ಅವತ್ತು ಸಂಜೆ ಪ್ಲಗ್ ಎಲ್ಲ ತೆಗೆದು ನಿಧಾನ ತಿರುಗಿಸ್ತಾ ಆ ಟಕ್ ಕೇಳ್ತಿದ್ದೆ. ಹ್ಯಾಂಡಲ್ ಒಂದು ಸುತ್ತಿಗೆ ಎರಡು ಟಕ್. ಹ್ಯಾಂಡಲ್ ಕೆಳಗಿದ್ದಾಗ ಒಂದು, ಮೇಲಿದ್ದಾಗ ಒಂದು. ಸುಮ್ನೆ ಬಾಯಲ್ಲಿ ಎಣಿಸ್ತಾ ಹೋದೆ, ಕೆಳಗೆ ಒಂದು, ಮೇಲೆ ಮೂರು, ಕೆಳಗೆ ನಾಲ್ಕು, ಮೇಲೆ ಎರಡು. ಮತ್ತೆ ಕೆಳಗೆ ಒಂದು, ಮೇಲೆ ಮೂರು...

ಒಂದು ನಾಲ್ಕು ಯಾವಾಗ್ಲೂ ಕೆಳಗೆ, ಮೂರು ಎರಡು ಯಾವಾಗ್ಲೂ ಮೇಲೆ. ರೋಟರ್ ತಿರುಗೋದು ಹ್ಯಾಂಡಲ್ ತಿರುಗಿಸೋ ಕ್ರ್ಯಾಂಕ್ ಶಾಫ್ಟಿನ ಸ್ಪೀಡಲ್ಲೇ, ಅದರ ತುದಿಯಲ್ಲಿ ಪಾಯಿಂಟನ್ನ ತಳ್ಳಿ ಬಿಡಿಸೋ ಕ್ಯಾಮಿಗೆ ಇರೋದು ಎರಡೇ ಉಬ್ಬು. ಅಂದ್ರೆ ಒಂದು ನಾಲ್ಕಕ್ಕೆ ಪಾಯಿಂಟ್ ಬಿಡಿಸೋದು ಒಂದು ಉಬ್ಬು, ಎರಡು ಮೂರಕ್ಕೆ ಬಿಡಿಸೋದು ಇನ್ನೊಂದು ಉಬ್ಬು! ಎರಡು ಮೂರು ಅಕ್ಕಪಕ್ಕ ಇರೋದು ಕಾಕತಾಳೀಯ ಅಷ್ಟೇ, ಅವೆರಡಕ್ಕೂ ನಿಜವಾದ ಸಂಬಂಧ ಆ ಒಂದು ಉಬ್ಬು. ಹ್ಯಾಂಡಲ್ ಅಲ್ಲೇ ಬಿಟ್ಟು ಓಡಿ ಹೋಗಿ ಫೀಲರ್ ಗೇಜ್ ತಂದೆ. ನಾನು ಪ್ರತೀ ಸಲ ಗ್ಯಾಪ್ ಅಳೀತಿದ್ದಿದ್ದು ಒಂದನೇ ಸಿಲಿಂಡರ್‌ನ ಗುರುತಿಗೆ ತಂದು ನಿಲ್ಲಿಸಿ, ಯಾಕಂದ್ರೆ ಅದು ಸುಲಭ, ಗುರುತು ಕಾಣುತ್ತೆ. ಅಲ್ಲಿ 13 ಥೌ ಸರಿಯಾಗಿತ್ತು. ಅರ್ಧ ಸುತ್ತು ತಿರುಗಿಸಿ ಇನ್ನೊಂದು ಉಬ್ಬಿಗೆ ಹಾಕಿದ್ರೆ 13 ಹೋಗ್ಲಿಲ್ಲ, 10 ಹೋಗ್ಲಿಲ್ಲ, 8 ಕೂಡ ಬಿಗಿ, ಕೊನೆಗೆ 7 ಥೌ ಹೋಯ್ತು.

ಕಾಗದದ ಮೇಲೆ ಆರು ಥೌ ಏನೂ ಅನ್ಸಲ್ಲ, ಆದ್ರೆ ಮ್ಯಾಗ್ನೆಟೋದಲ್ಲಿ ಅದು ಬಹಳ. ಬ್ಯಾಟರಿ ಕಾಯಿಲ್ ಆದ್ರೆ ಪಾಯಿಂಟ್ ಸ್ವಲ್ಪ ತಡವಾಗಿ ಬಿಟ್ರೂ ಕರೆಂಟ್ ಅಲ್ಲೇ ಕಾಯ್ತಾ ಇರುತ್ತೆ. ಮ್ಯಾಗ್ನೆಟೋದಲ್ಲಿ ಕರೆಂಟ್ ಹುಟ್ಟೋದೇ ರೋಟರ್ ಪೋಲ್ ದಾಟಿ ಕೆಲವು ಡಿಗ್ರಿ ಹೋದಾಗ, ಆ ಕ್ಷಣಕ್ಕೆ ಏರಿ ಇಳಿದುಬಿಡುತ್ತೆ, ಪಾಯಿಂಟ್ ಸರಿಯಾಗಿ ಆ ತುದಿಯಲ್ಲೇ ಬಿಡ್ಬೇಕು. ಗ್ಯಾಪ್ ಕಮ್ಮಿ ಇದ್ರೆ ಪಾಯಿಂಟ್ ತಡವಾಗಿ ತೆರೆಯುತ್ತೆ, ಅಷ್ಟೊತ್ತಿಗೆ ಕರೆಂಟ್ ಇಳಿಯೋಕೆ ಶುರುವಾಗಿರುತ್ತೆ, ಮೇಲಿಂದ ಬೇಗ ದೂರ ಸರಿಯದೆ ಪಾಯಿಂಟ್ ಮಧ್ಯೆನೇ ಕಿಡಿ ಹಾರಿ ಉಳಿದದ್ದನ್ನೂ ತಿಂದುಹಾಕುತ್ತೆ. ಸ್ಪಾರ್ಕ್ ಸೊರಗುತ್ತೆ, ಟೈಮಿಂಗೂ ಹಿಂದೆ ಬೀಳುತ್ತೆ. ಖಾತ್ರಿ ಮಾಡ್ಕೊಳ್ಳೋಕೆ ಕಾರಿನ ಬ್ಯಾಟರಿ ತಂದು, ಸ್ಪಾರ್ಕ್ ಬಿದ್ದಾಗೆಲ್ಲ ಮಿಣುಕೋ ಟೈಮಿಂಗ್ ಲೈಟ್ ಹಚ್ಚಿದೆ, ಪುಲ್ಲಿ ಮೇಲೆ ಒಂದನೇ ಸಿಲಿಂಡರ್ ಗುರುತಿನ ಎದುರು ಬದಿಯಲ್ಲಿ ಸರಿಯಾಗಿ ಅಳೆದು ಸೀಮೆಸುಣ್ಣದ ಗೆರೆ ಹಾಕಿ, ಒಂದು ಸಲ ಒಂದನೇ ವೈರಿಗೆ ಕ್ಲಿಪ್, ಒಂದು ಸಲ ಮೂರನೇ ವೈರಿಗೆ. ಮೂರರ ಗೆರೆ ಒಂದಕ್ಕಿಂತ ಕಾಲಿಂಚಿನಷ್ಟು ಹಿಂದೆ ನಿಂತಿತ್ತು, ಲೆಕ್ಕ ಹಾಕಿದ್ರೆ ಸುಮಾರು ಐದು ಡಿಗ್ರಿ ಲೇಟು. ನಾಲ್ಕನೇ ವೈರಿಗೆ ಹಾಕಿದ್ರೆ ಒಂದರ ಹಾಗೇ, ಎರಡಕ್ಕೆ ಹಾಕಿದ್ರೆ ಮೂರರ ಹಾಗೇ. ಎರಡು ವಾರದಿಂದ ಹುಡುಕ್ತಿದ್ದಿದ್ದು ಆ ಕತ್ತಲ ಕೊಟ್ಟಿಗೆಯಲ್ಲಿ ಲೈಟ್ ಮಿಣುಕಿಗೆ ಕಣ್ಣೆದುರು ನಿಂತಿತ್ತು, ಪಕ್ಕದವರನ್ನೂ ಕರೆದು ತೋರಿಸಿದೆ, ಅವರು ಬಗ್ಗಿ ಬಹಳ ಹೊತ್ತು ನೋಡಿದ್ರು.

ಇಲ್ಲಿ ಎರಡೂ ಉಬ್ಬಿಗೆ ಸರಾಸರಿ ಮಾಡಿ 16 ಮತ್ತು 10ಕ್ಕೆ ಇಟ್ರೆ ಹೇಗೋ ಓಡುತ್ತೆ, ಕೆಲವರು ಹಾಗೇ ಮಾಡಿ ಕಳಿಸ್ತಾರೆ. ನಂಗೆ ಅದು ಇಷ್ಟ ಆಗ್ಲಿಲ್ಲ, ಯಾಕಂದ್ರೆ ಉಬ್ಬು ಎರಡೂ ಫ್ಯಾಕ್ಟರಿಯಲ್ಲಿ ಒಂದೇ ಎತ್ತರ ಇದ್ದಿದ್ದು, ಈಗ ಬೇರೆ ಆಗಿದೆ ಅಂದ್ರೆ ಒಳಗೆ ಏನೋ ಸವೆದಿದೆ, ಅದು ಇನ್ನೂ ಸವೀತಾ ಹೋಗುತ್ತೆ. ಕ್ಯಾಪ್ ತೆಗೆದು ರೋಟರ್ ಶಾಫ್ಟ್ ತುದಿ ಹಿಡಿದು ಅಲ್ಲಾಡಿಸಿದೆ, ಆಟ ಇತ್ತು ಆದ್ರೆ ಭಯಂಕರ ಏನಲ್ಲ. ಓಲಾಟ ಅಳೆಯೋ ಡಯಲ್ ಗೇಜ್ ಹಚ್ಚಿ ನಿಧಾನ ಒಂದು ಸುತ್ತು ತಿರುಗಿಸಿದ್ರೆ ಮುಳ್ಳು ಆರೂವರೆ ಥೌ ಓಡಾಡ್ತು. ಅಂದ್ರೆ ಶಾಫ್ಟ್ ತನ್ನ ಸೆಂಟರಲ್ಲಿ ತಿರುಗ್ತಾ ಇಲ್ಲ, ಮೂರು ಥೌ ಪಕ್ಕಕ್ಕೆ ಕೂತಿದೆ, ಒಂದು ಉಬ್ಬಿಗೆ ಮೂರು ಕೂಡಿ ಇನ್ನೊಂದಕ್ಕೆ ಮೂರು ಕಳೆದು ಒಟ್ಟು ಆರು ಥೌ ವ್ಯತ್ಯಾಸ. ಲೆಕ್ಕ ಎಲ್ಲ ಕೂಡಿ ಬಂತು.

ಮ್ಯಾಗ್ನೆಟೋ ಇಳಿಸೋಕೆ ಮುಂಚೆ ಫ್ಲಾಂಜ್ ಮತ್ತು ಇಂಜಿನ್ ಮೇಲೆ ಸೇರಿಸಿ ಒಂದು ಗೀರು ಹಾಕ್ಕೊಂಡೆ, ಬಿಚ್ಚುವಾಗ ಒಳಗಿನ ಡಿಸ್ಟ್ರಿಬ್ಯೂಟರ್ ಗೇರ್ ಹಲ್ಲಿನ ಗುರುತಿನ ಫೋಟೋ ಹೊಡೆದಿಟ್ಟೆ. ಇಂಪಲ್ಸ್ ಕಪ್ಲಿಂಗ್ ಬಿಚ್ಚುವಾಗ ಹುಷಾರು, ಸುತ್ತಿಕೊಂಡ ಸ್ಪ್ರಿಂಗ್ ಮುಖಕ್ಕೆ ಹಾರುತ್ತೆ, ಕನ್ನಡಕ ಹಾಕ್ಕೊಳ್ಳಿ. ರೋಟರ್ ಹೊರಗೆ ಬಂದ ತಕ್ಷಣ ಅದರ ಎರಡು ಪೋಲ್ ಮೇಲೆ ಮೆತ್ತನೆ ಕಬ್ಬಿಣದ ಪಟ್ಟಿ ಇಡ್ಬೇಕು, ಹಳೇ ಆಲ್ನಿಕೋ ಅಯಸ್ಕಾಂತ ಹಾಗೇ ಬರಿದಾಗಿ ಟೇಬಲ್ ಮೇಲೆ ಬಿದ್ದಿದ್ರೆ ಶಕ್ತಿ ಕಳ್ಕೊಳ್ಳುತ್ತೆ. ರೋಟರ್ ಒಂದು ಬದಿಯಲ್ಲಿ ಮಾತ್ರ ಕನ್ನಡಿ ಹಾಗೆ ಹೊಳಪು, ಉದ್ದಕ್ಕೂ ಬೆರಳಗಲದ ಪಟ್ಟೆ. ಪಕ್ಕಕ್ಕೆ ಕೂತ ರೋಟರ್ ಪ್ರತೀ ಸುತ್ತಿಗೂ ಪೋಲಿಗೆ ಸವರಿಕೊಂಡು ಹೋಗಿದೆ. ಆ ಸವೆದ ಕಬ್ಬಿಣದ ಹುಡಿ ಎಲ್ಲ ಅಯಸ್ಕಾಂತದ ಅಂಚಿಗೆ ಮೀಸೆ ಥರ ಎದ್ದು ನಿಂತಿತ್ತು, ಬಟ್ಟೆಯಲ್ಲಿ ಒರೆಸಿದ್ರೆ ಬರ್ಲಿಲ್ಲ, ಕೊನೆಗೆ ಅಂಟು ಟೇಪಲ್ಲಿ ಮೆತ್ತಿ ಮೆತ್ತಿ ತೆಗೀಬೇಕಾಯ್ತು.

ಪಾಯಿಂಟ್ ಕಡೆಯ ಬೇರಿಂಗನ್ನ ಪುಲ್ಲರ್ ಹಾಕಿ ಎಳೆಯೋಣ ಅಂದ್ಕೊಂಡೆ, ಬೇಕಾಗ್ಲೇ ಇಲ್ಲ, ಬೆರಳಲ್ಲಿ ಜಾರಿ ಬಂತು. ಅದು ಬಿಗಿಯಾಗಿ ಕೂತಿರಬೇಕಾದ ಜಾಗ. ಕೆಳಗೆ ಶಾಫ್ಟ್ ನೋಡಿದ್ರೆ, ಒಂದು ಬದಿಯಲ್ಲಿ ಮಾತ್ರ ಒಂಬತ್ತು ಚುಕ್ಕೆ. ಸೆಂಟರ್ ಪಂಚ್ ಚುಕ್ಕೆ! ಯಾವಾಗ್ಲೋ, ಎಷ್ಟೋ ವರ್ಷದ ಹಿಂದೆ, ಗ್ರೀಸ್ ಒಣಗಿ ಬೇರಿಂಗ್ ಬಿಗಿದು ಅದರ ಒಳ ರಿಂಗ್ ಶಾಫ್ಟ್ ಮೇಲೆ ತಿರುಗಿ ತಿರುಗಿ ಶಾಫ್ಟ್ ತೆಳ್ಳಗಾಗಿದೆ, ಹೊಸ ಬೇರಿಂಗ್ ಹಾಕೋಕೆ ಹೋದವರಿಗೆ ಸಡಿಲ ಅನ್ಸಿದೆ, ಬಿಗಿ ಬರ್ಲಿ ಅಂತ ಪಂಚ್ ಹೊಡೆದು ಲೋಹ ಉಬ್ಬಿಸಿ ಅದರ ಮೇಲೆ ಬೇರಿಂಗ್ ತೂರಿಸಿದ್ದಾರೆ. ಯಾರು ಅಂತ ಪಕ್ಕದವರಿಗೂ ನೆನಪಿಲ್ಲ. ಸುತ್ತಲೂ ಸಮ ಹೊಡೆದಿದ್ರೆ ಸೆಂಟರ್ ಆದ್ರೂ ಉಳೀತಿತ್ತು, ಒಂದೇ ಬದಿ ಹೊಡೆದಿದ್ದಕ್ಕೆ ಶಾಫ್ಟ್ ಎದುರು ಗೋಡೆಗೆ ಒತ್ತಿಕೊಂಡು ಕೂತುಬಿಡ್ತು. ಮೈಕ್ರೋಮೀಟರಲ್ಲಿ ಚುಕ್ಕೆ ಇಲ್ಲದ ಜಾಗ ಅಳೆದ್ರೆ ಬೇರಿಂಗ್ ತೂತಿಗಿಂತ ಆರು ಥೌ ಕಮ್ಮಿ. ಆರರ ಅರ್ಧ ಮೂರು, ಡಯಲ್ ಗೇಜ್ ಹೇಳಿದ್ದೂ ಅದೇ. ಚುಕ್ಕೆ ಇದ್ದ ಕಡೆಯ ಉಬ್ಬೇ ಎರಡು ಮೂರರ ಉಬ್ಬು. ಕ್ಯಾಮ್ ಉಬ್ಬು ಎರಡನ್ನೂ ಅಳೆದೆ, ಅರ್ಧ ಥೌ ಒಳಗೇ ಸಮ, ಅದು ಸವೆದೇ ಇಲ್ಲ.

ಆ ಚುಕ್ಕೆ ಹೊಡೆದವರ ಮೇಲೆ ನಂಗೆ ಸಿಟ್ಟೇನೂ ಬರ್ಲಿಲ್ಲ. ಹುಲ್ಲಿನ ಸೀಸನ್ ಮಧ್ಯೆ, ಸಂಜೆ ಒಳಗೆ ಗಾಡಿ ಹೊಲಕ್ಕೆ ಇಳೀಬೇಕು ಅನ್ನೋವಾಗ ಯಾರಾದ್ರೂ ಮಾಡೋ ಕೆಲಸ ಅದು, ಮಲೆನಾಡಲ್ಲಿ ಪಂಪ್‌ಸೆಟ್ ಶಾಫ್ಟಿಗೆ ಹೀಗೇ ಹೊಡೆದಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಪಂಪ್‌ಸೆಟ್ ಆದ್ರೆ ತಡ್ಕೊಳ್ಳುತ್ತೆ. ಮೂರು ಥೌ ಕೂಡ ಲೆಕ್ಕಕ್ಕೆ ಬರೋ ಮ್ಯಾಗ್ನೆಟೋಗೆ ಮಾತ್ರ ಆ ಕೆಲಸ ನಡೆಯಲ್ಲ.

ಮುಂದಿನದು ಲೇತ್ ಕೆಲಸ, ಅದನ್ನ ರಿಟೈರ್ ಆದ ಒಬ್ಬ ಹಳೇ ಮೆಷಿನಿಸ್ಟ್ ಮಾಡ್ಕೊಟ್ರು. ಶಾಫ್ಟ್ ಎರಡೂ ತುದಿಯಲ್ಲಿ ಫ್ಯಾಕ್ಟರಿಯ ಸೆಂಟರ್ ತೂತು ಹಾಗೇ ಇತ್ತು, ಚಕ್‌ನಲ್ಲಿ ಹಿಡಿಯದೆ ಆ ಎರಡು ಸೆಂಟರ್ ಮಧ್ಯೆ ಹಿಡಿದು ತಿರುಗಿಸಿದ್ರಿಂದ ಹಳೇ ಸೆಂಟರ್ ಸರಿಯಾಗಿ ಸಿಕ್ತು. ಸವೆದ ಜಾಗವನ್ನ ಇನ್ನೂ ಸ್ವಲ್ಪ ಇಳಿಸಿ, ತೆಳು ಉಕ್ಕಿನ ಸ್ಲೀವ್ ಒತ್ತಿ, ಅದನ್ನ ಮತ್ತೆ ಸೈಜಿಗೆ ತಂದ್ರು, ಬೇರಿಂಗ್ ತೂತಿಗಿಂತ ಮೂರು ಹತ್ತುಸಾವಿರಾಂಶ ಇಂಚು ಜಾಸ್ತಿ ಬಿಟ್ಟು. ಬೇರಿಂಗ್ ಎರಡೂ ಹೊಸದು ಹಾಕಿದೆ, ಒಂದು ಸವೆದ ಮೇಲೆ ಇನ್ನೊಂದನ್ನ ನಂಬೋದು ಬೇಡ. ರೋಟರನ್ನ ಮ್ಯಾಗ್ನೆಟೋ ಕೆಲಸದವರ ಹತ್ರ ಚಾರ್ಜ್ ಮಾಡಿಸಿದೆ, ದೊಡ್ಡ ಎಲೆಕ್ಟ್ರೋಮ್ಯಾಗ್ನೆಟ್ ಮಧ್ಯೆ ಇಟ್ಟು ಒಂದೆರಡು ಕ್ಷಣ ಕರೆಂಟ್ ಬಿಡ್ತಾರೆ ಅಷ್ಟೇ, ಆದ್ರೆ ಆಮೇಲೆ ಕಬ್ಬಿಣದ ಪಟ್ಟಿ ಕೀಳೋಕೆ ಕೈ ನೋವು ಬರೋಷ್ಟು ಎಳೀತಿತ್ತು. ಪಾಯಿಂಟ್ ಹೊಸದು ಹಾಕಿದೆ, ಹಳೇದರಲ್ಲಿ ಕಿಡಿ ಹಾರಿ ಒಂದು ಕಡೆ ಗುಳಿ ಒಂದು ಕಡೆ ಗುಬುಟು ಆಗಿತ್ತು. ಕಂಡೆನ್ಸರ್ ಹಳೇದು ಚೆನ್ನಾಗೇ ಇತ್ತು, ಆದ್ರೂ ಬಿಚ್ಚಿದ ಮೇಲೆ ಹೊಸದು ಹಾಕ್ಬಿಟ್ಟೆ, ಕಾಯಿಲ್ ಅದೇ ಇದೆ. ಕ್ಯಾಮ್ ಮೇಲೆ ಗ್ರೀಸ್ ಅಕ್ಕಿ ಕಾಳಿನಷ್ಟು ಸಾಕು, ಜಾಸ್ತಿ ಆದ್ರೆ ಪಾಯಿಂಟಿಗೆ ಸಿಡಿದು ಮತ್ತೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ.

ಜೋಡಿಸಿದ ಮೇಲೆ ಮೊದಲು ಅಳೆದಿದ್ದು ಎರಡೂ ಉಬ್ಬು. ಒಂದರಲ್ಲಿ 13, ಇನ್ನೊಂದರಲ್ಲಿ ಹನ್ನೆರಡೂವರೆ. ಡಯಲ್ ಗೇಜ್ ಮುಳ್ಳು ಅರ್ಧ ಥೌ ಅಲ್ಲಾಡ್ತು.

ಟೈಮಿಂಗ್ ಕೂರಿಸೋದು ಹೀಗೆ: ಒಂದನೇ ಪ್ಲಗ್ ತೆಗೆದು ತೂತಿನ ಮೇಲೆ ಹೆಬ್ಬೆರಳಿಟ್ಟು ಇನ್ನೊಬ್ಬರ ಹತ್ರ ಹ್ಯಾಂಡಲ್ ತಿರುಗಿಸ್ಬೇಕು, ಗಾಳಿ ಹೆಬ್ಬೆರಳನ್ನ ಹೊರಗೆ ತಳ್ಳೋಕೆ ಶುರುವಾದ್ರೆ ಅದು ಕಂಪ್ರೆಷನ್, ಅಲ್ಲಿಂದ ನಿಧಾನ ಪುಲ್ಲಿ ಕಚ್ಚು ಮುಳ್ಳಿಗೆ ಎದುರು ಬರೋವರೆಗೂ ತರಬೇಕು. ಮ್ಯಾಗ್ನೆಟೋವನ್ನ ಕೈಯಲ್ಲಿ ತಿರುಗಿಸಿ ಒಂದನೇ ಟವರಿಗೆ ಸ್ಪಾರ್ಕ್ ಬರೋ ಜಾಗಕ್ಕೆ ತಂದು ತೂರಿಸಿ, ಎರಡು ಬೋಲ್ಟ್ ಸಡಿಲವಾಗಿ ಹಾಕ್ಬೇಕು. ಆಮೇಲೆ ಇಂಜಿನ್ ಪೂರ್ತಿ ಎರಡು ಸುತ್ತು ತಿರುಗಿಸಿ, ಕೊನೆಯಲ್ಲಿ ಬಹಳ ನಿಧಾನ ಮಾಡಿ, ಟಕ್ ಅನ್ನೋದು ಸರಿಯಾಗಿ ಕಚ್ಚು ಮುಳ್ಳು ಸೇರೋ ಹೊತ್ತಿಗೇ ಕೇಳೋ ಹಾಗೆ ಮ್ಯಾಗ್ನೆಟೋ ಮೈಯನ್ನ ಆ ಕಡೆ ಈ ಕಡೆ ಓರೆ ಮಾಡಿ ಬಿಗಿ ಮಾಡ್ಬೇಕು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳಿನ ಕಡೆಗೇ ಇರ್ಲಿ, ಸುತ್ತಿ ಹಿಡೀಬೇಡಿ, ಯಾವಾಗ್ಲೂ ಕೆಳಗಿಂದ ಮೇಲಕ್ಕೆ ಎಳೀರಿ, ಮೇಲಿಂದ ಕೆಳಕ್ಕೆ ಒತ್ತಬೇಡಿ. ಇಂಜಿನ್ ಹಿಂದಕ್ಕೆ ಒದ್ರೆ ಕೈ ಮುರಿಯುತ್ತೆ, ಇದು ದೊಡ್ಡ ಮಾತಲ್ಲ ನಿಜ.

ಅವತ್ತು ಮೊದಲನೇ ಎಳೆತಕ್ಕೇ ಹತ್ತಿಕೊಂಡ್ತು. ಸದ್ದೇ ಬೇರೆ, ಮೊದಲು ನಾನು ಆ ಇಂಜಿನ್ ಸದ್ದೇ ಹಾಗೆ ಅಂದ್ಕೊಂಡಿದ್ದ ಒಂದು ಕುಂಟು ಲಯ ಇತ್ತು, ಅದು ಇರ್ಲಿಲ್ಲ. ಟೈಮಿಂಗ್ ಲೈಟಲ್ಲಿ ನಾಲ್ಕೂ ವೈರ್ ನೋಡಿದೆ, ಒಂದು ಡಿಗ್ರಿ ಒಳಗೆ. ಪಕ್ಕದವರು ಏನೂ ಮಾತಾಡದೆ ಹೋಗಿ ಗಾಡಿ ಕಟ್ಟಿಕೊಂಡು ಕೆಳಗಿನ ಹೊಲಕ್ಕೆ ಇಳಿದ್ರು, ತುಂಬಿದ ಹುಲ್ಲಿನ ಜೊತೆ ದಿಬ್ಬ ಹತ್ತುವಾಗ ನಾನು ಮೇಲೆ ನಿಂತು ಕೇಳ್ತಿದ್ದೆ, ಅರ್ಧ ದಿಬ್ಬಕ್ಕೆ ಗವರ್ನರ್ ತೆರೆದುಕೊಂಡು ಸದ್ದು ಗಟ್ಟಿಯಾಯ್ತು, ಒಂದೂ ಮಿಸ್ ಹೊಡೀದೆ ಮೇಲೆ ಬಂತು.

ಹನ್ನೆರಡು ಗಂಟೆ ಕೆಲಸ ಆದ್ಮೇಲೆ ಮತ್ತೆ ದಿಬ್ಬದ ಮೇಲೆ ನಿಲ್ಲಿಸಿ ಪ್ಲಗ್ ಬಿಚ್ಚಿ ಅದೇ ಮಡ್‌ಗಾರ್ಡ್ ಮೇಲೆ ಸಾಲಾಗಿ ಇಟ್ಟೆ. ನಾಲ್ಕೂ ಬಿಸ್ಕತ್ ಬಣ್ಣ, ಮೂರನೇದು ಮಾತ್ರ ಒಂಚೂರು ಗಾಢ. ಇಂಪಲ್ಸ್ ಕಪ್ಲಿಂಗ್ ಕೊಕ್ಕೆಯ ಮೂತಿ ಸ್ವಲ್ಪ ದುಂಡಗಾಗಿದೆ, ಈ ಚಳಿಗಾಲದಲ್ಲಿ ಅದನ್ನ ಬದಲಾಯಿಸ್ಬೇಕು, ಆಗ ಎರಡೂ ಉಬ್ಬಿನ ಗ್ಯಾಪ್ ಇನ್ನೊಂದು ಸಲ ಅಳೆದು ಕ್ಯಾಪ್ ಒಳಗೆ ಪೆನ್ಸಿಲಲ್ಲಿ ತಾರೀಖಿನ ಜೊತೆ ಬರೆದಿಡ್ತೀನಿ.